ಹಳಿಯ ಪಕ್ಕ ನಿಂತವರು

ಚನ್ನರಾಯಪಟ್ಟಣ
೧೯ ಡಿಸೆಂಬರ್ ೨೦೨೪, ಗುರುವಾರ

ಪ್ರೀತಿಯ ಬಿಂದು,

ಫೋನ್ ಮಾಡಿದಾಗೆಲ್ಲ ಅತ್ತೆ ಎತ್ತಿಕೊಂಡು "ಮನೀಕ್ಕಂಡವ್ಳೆ ಕಣಪ್ಪ" ಅನ್ನುತ್ತಾರೆ. ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ. ಇಷ್ಟು ನಿದ್ದೆ ಮಾಡುವವಳು ನನ್ನ ಹೆಂಡತಿಯೇ ಅಲ್ಲ ಬಿಡು. ಅದಕ್ಕೇ ಈ ಕಾಗದವನ್ನು ನಿನ್ನ ತಮ್ಮ ದಿಲೀಪನ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ. ಅವನು ದಾರಿಯಲ್ಲೇ ಲಕೋಟೆ ಬಿಚ್ಚಿ ನೋಡದಿದ್ದರೆ ನಮ್ಮ ಪುಣ್ಯ.

ನೀನು ಅರಕಲಗೂಡಿಗೆ ಯಾಕೆ ಹೋದೆ ಅಂತ ನನಗೆ ಗೊತ್ತು. ತವರು ಅಂತಲ್ಲ, ಅಲ್ಲಿ ರೈಲಿಲ್ಲ ಅಂತ. ಕುರಿ ಕಾಯುವ ದೊಡ್ಡಬೀರಯ್ಯ ನಿಮ್ಮ ಗೂಡ್ಸ್ ಗಾಡಿಗೆ ಸಿಕ್ಕಿ ತೀರಿಕೊಂಡ ಮೇಲೆ ನೀನು ಹೇಳಿದ್ದೆ, ಹಳಿಯ ಪಕ್ಕ ಯಾರು ನಿಂತಿದ್ದರೂ ಈಗ ಅಡ್ಡ ಬಂದುಬಿಡುತ್ತಾರೆ ಅನ್ನಿಸುತ್ತದೆ, ಎಂಜಿನ್ನಿನಲ್ಲಿ ಕೂತು ಕಣ್ಣು ಮುಚ್ಚಿಕೊಳ್ಳುತ್ತೇನೆ, ಕಣ್ಣು ಮುಚ್ಚುವವಳು ಅಸಿಸ್ಟೆಂಟ್ ಲೋಕೋ ಪೈಲಟ್ ಆಗಿ ಏನು ಬಂತು ಅಂತ. ಅವತ್ತು ಹಾರನ್ ಹೊಡೆದೆನೋ ಇಲ್ಲವೋ ಅದೇ ನೆನಪಿಲ್ಲ ಅಂತ ಕಣ್ಣೀರು ಹಾಕಿದೆ. ಬರುವ ಸೋಮವಾರ ಹಾಸನಕ್ಕೆ ಹೋಗಿ ಕೆಲಸಕ್ಕೆ ರಾಜೀನಾಮೆ ಕೊಡುತ್ತೇನೆ ಅಂತ ನೀನು ಅಂದೆ. ನಾನು ಬೇಡ ಅನ್ನಲಿಲ್ಲ, ಸರಿ ಅಂತಲೂ ಅನ್ನಲಿಲ್ಲ.

ಈಗ ಧನುರ್ಮಾಸ. ಮದುವೆಗಳಿಲ್ಲ, ಫೋಟೋ ಸ್ಟುಡಿಯೋದಲ್ಲಿ ನೊಣ ಹೊಡೆಯುತ್ತಿದ್ದೆ. ನಿನ್ನೆ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬೈಕ್ ಹತ್ತಿದೆ. ಗೂಡ್ಸ್ ಗಾಡಿಗಳ ಬೆನ್ನು ಹತ್ತಿ, ಹಳಿಯ ಪಕ್ಕ ನಿಂತವರು ಅಲ್ಲಿ ಯಾಕೆ ನಿಂತಿರುತ್ತಾರೆ ಅಂತ ನೋಡಿಕೊಂಡು ಬರೋಣ ಅಂತ. ನೀನು ಯಾವಾಗಲೂ ಮೇಲಿನಿಂದ ನೋಡುವವಳು, ಒಂದು ಸಲ ಕೆಳಗಿನಿಂದಲೂ ನೋಡು. ತೆಗೆದ ಫೋಟೋಗಳನ್ನು ಈ ಕಾಗದದ ಜೊತೆಗೇ ಇಟ್ಟಿದ್ದೇನೆ.

ಮೊದಲ ಗಾಡಿಯ ಕಥೆ ಕೇಳಿದರೆ ನೀನು ಬೈಯುತ್ತೀಯ. ಊರಾಚೆ ಹಳಿಯ ಪಕ್ಕದ ಹೊಲದಲ್ಲಿ, ಮಂಜಿನಲ್ಲಿ ಮುದ್ದಮ್ಮ ಅನ್ನುವ ಮುದುಕಿ ಅವರೆಕಾಯಿ ಬಿಡಿಸುತ್ತಿದ್ದಳು. ಮದುವೆ ಮನೆಯ ಚಾಳಿ ನೋಡು, ಸೆರಗು ಸರಿಮಾಡ್ಕೊಳ್ಳಿ, ಗಲ್ಲ ಸ್ವಲ್ಪ ಮೇಲೆ, ನಗಿ ಅಂತ ಹೇಳುತ್ತಾ ಕೂತೆ. ಅವಳು ನಗುವಷ್ಟರಲ್ಲಿ ಪೂರ್ತಿ ಗಾಡಿ ಹೊರಟೇಹೋಗಿತ್ತು. "ನನ್ ನಗು ಬುಡು, ನಿನ್ ರೈಲೇ ಓಯ್ತಲ್ಲಪ್ಪ" ಅಂತ ಬಿದ್ದು ಬಿದ್ದು ನಕ್ಕಳು. ಮೊದಲನೇ ಫೋಟೋ ಅದೇ. ರೈಲಿಲ್ಲ, ಮುದ್ದಮ್ಮನ ಬೊಚ್ಚುಬಾಯಿ ಇದೆ.

ಹಾಸನದ ಹತ್ತಿರ ರೈಲ್ವೆ ಗೇಟು ಕಾಯುವ ಸಿದ್ದೇಶ್ವರನನ್ನು ಮುಂದಿನ ಗೂಡ್ಸ್ ಎಷ್ಟೊತ್ತಿಗೆ ಅಂತ ಕೇಳಿದೆ. "ಗೂಡ್ಸ್‌ಗೆ ಎಂತ ಟೈಮು ಸಾ, ಬಂದಾಗ್ಲೇ ಟೈಮು" ಅಂದ. ಗೇಟು ಬಿದ್ದಾಗ ಇಬ್ಬರು ಗಂಡಸರು ಹೊಲದ ಬದುವಿನ ವಿಷಯಕ್ಕೆ ಕಿತ್ತಾಡುತ್ತಿದ್ದರು. ಟ್ಯಾಂಕರ್ ಗಾಡಿಯ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ಸುಮ್ಮನೆ ನಿಂತರು. ಕೊನೆಯ ಡಬ್ಬಿ ದಾಟಿದ್ದೇ ತಡ, ಬಿಟ್ಟ ಜಾಗದಿಂದಲೇ ಮತ್ತೆ ಶುರು!

ಹೊಳೆನರಸೀಪುರದ ದಾರಿಯಲ್ಲಿ ರಾಗಿ ಒಕ್ಕುವವರು ನನ್ನನ್ನು ಸುತ್ತಿಕೊಂಡರು. "ಡಬಲ್ ಲೈನ್‌ಗೆ ಜಮೀನ್ ಅಳ್ಯಕ್ ಬಂದ್ರಾ ಸಾ?" ಅಂತ. ಇಲ್ಲಪ್ಪ, ನನ್ನ ಹೆಂಡತಿ ಇಂಥ ಗಾಡಿ ಓಡಿಸುತ್ತಾಳೆ, ಅವಳಿಗೆ ತೋರಿಸಲು ಫೋಟೋ ಅಂದೆ. ಮೊದಲು ಒಬ್ಬರೂ ನಂಬಲಿಲ್ಲ. ನಂಬಿದ ಮೇಲೆ ಕಾಫಿ ಕುಡಿಸದೆ ಬಿಡಲಿಲ್ಲ. ಖಾಲಿ ಗೂಡ್ಸ್ ಬಂದಾಗ ಅವರ ಮನೆಯ ಹೆಂಗಸು ರಾಗಿಯ ರಾಶಿಗೆ ಅಡ್ಡ ನಿಂತು ಸೆರಗು ಹರಡಿದಳು, ದೂಳು ಬೀಳದಿರಲಿ ಅಂತ. ಎಂಜಿನ್ನಿನಿಂದ ನೋಡಿದರೆ ಯಾರೋ ಕೈ ಚಾಚಿಕೊಂಡು ಹಳಿಯ ಕಡೆಗೆ ಬಂದಂತೆಯೇ ಕಾಣುತ್ತಿತ್ತೇನೋ. ಒಬ್ಬ ಮಹಾರಾಯ ಬೆನ್ನು ತಿರುಗಿಸಿ ನಿಂತಿದ್ದ, ಯಾಕೆ ಅಂತ ಗೊತ್ತಾದ ಮೇಲೆ ಆ ಫೋಟೋ ಅಳಿಸಿದೆ.

ಬಿಂದು, ನೀನಿಲ್ಲದೆ ಮನೆ ಭಣಗುಡುತ್ತಿದೆ. ನೀನು ಹೆದರಿದ್ದು ನೋಡಿ ನನಗೂ ಹೆದರಿಕೆಯಾಗಿದೆ, ಅದನ್ನು ನಗುವಿನಲ್ಲಿ ಮುಚ್ಚಿಟ್ಟು ಓಡಾಡುತ್ತಿದ್ದೇನೆ. ಕೆಲಸ ಬಿಟ್ಟರೂ ನಾನು ಒಂದು ಮಾತು ಆಡುವುದಿಲ್ಲ. ಆದರೆ ಬಿಡುವುದಾದರೆ ಸಾಕಾಯಿತು ಅಂತ ಬಿಡು, ಮುದ್ದಮ್ಮನಂಥವರಿಗೆ ಹೆದರಿ ಬಿಡಬೇಡ. ಸೋಮವಾರ ಏನೇ ಮಾಡಿದರೂ ಹಾಸನ ಸ್ಟೇಷನ್ನಿನ ಹೊರಗೆ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿರುತ್ತೇನೆ. ಅತ್ತೆಗೆ ನಮಸ್ಕಾರ ಹೇಳು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ,
ಕೀರ್ತಿರಾಜ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಬೇರೆ ಕಾಗದದಲ್ಲಿ ಸುತ್ತಿಟ್ಟ ಫೋಟೋವನ್ನು ಕೊನೆಗೆ ನೋಡು. ನಿನ್ನೆ ಸಂಜೆ ಅಪಘಾತವಾದ ಆ ಊರಿಗೂ ಹೋಗಿದ್ದೆ. ಕುರಿಗಳ ಮುಂದೆ ನಿಂತು ಗಾಡಿಗೆ ಕೈ ಎತ್ತಿರುವವರು ದೊಡ್ಡಬೀರಯ್ಯನ ಹೆಂಡತಿ ಕಲ್ಲಮ್ಮ. ನಾನು ಯಾರೆಂದು ಹೇಳಿದಾಗ ಬೈಯುತ್ತಾರೆ ಅಂದುಕೊಂಡೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಅವ್ರ್‌ಗೆ ಕಿವಿ ಕೇಳ್ತಿರ್ಲಿಲ್ಲ ಕಣಪ್ಪ. ಆ ಎಣ್ಮಗ ಆರನ್ ಒತ್ಕಂಡೇ ಬಂತು, ಊರ್ಗೆಲ್ಲ ಕೇಳುಸ್ತು, ಅವ್ರೊಬ್ರಿಗೇ ಕೇಳ್ನಿಲ್ಲ." ಹಾಗಾದರೆ ಈಗ ಗಾಡಿಗೆ ಕೈ ಎತ್ತುವುದು ಯಾಕೆ ಅಂತ ಕೇಳಿದೆ. "ನಾವು ಇತ್ಲಾಗೇ ಇದ್ದೀವಿ, ಎದ್ರುಕೋಬ್ಯಾಡ ಓಗವ್ವ ಅಂತ. ಒಳ್ಗಿರೋದು ಅವ್ಳೋ ಬ್ಯಾರೆಯವ್ರೋ ನಂಗೆಂಗ್ ಗೊತ್ತಾಯ್ತದೆ? ಅದ್ಕೇ ಎಲ್ಲಾ ಗಾಡಿಗೂ ಎತ್ತೀನಿ."