ಜಿಲ್ಲೆಯ ಪುಸ್ತಕದಲ್ಲಿ ನಮ್ಮ ಇಟ್ಟಿಗೆ ಗೂಡು

ನನ್ನ ತಂಗಿಯ ಮಗಳಿಗೆ ಮಾವನ ಆಶೀರ್ವಾದ.

ನಿಮ್ಮ ಕಚೇರಿ ಅಚ್ಚು ಹಾಕಿಸಿದ ಜಿಲ್ಲೆಯ ಪುಸ್ತಕ ತಲುಪಿತು. ಜನಸಂಖ್ಯೆ, ಬೆಳೆ, ಹಳೇ ಸೇತುವೆ ಎಲ್ಲ ಚೆನ್ನಾಗಿ ಬರೆದಿದ್ದೀಯ. ಆದರೆ ನಮ್ಮ ಇಟ್ಟಿಗೆ ಗೂಡನ್ನು 'ನೋಡತಕ್ಕ ಸ್ಥಳಗಳು' ಪಟ್ಟಿಗೆ ಸೇರಿಸಿ, 'ಈಗ ಮುಚ್ಚಿದೆ' ಎಂದು ಬರೆದೆಯಲ್ಲ ತಾಯಿ! ನೀನು ಫೋಟೋ ತೆಗೆಯಲು ಬಂದ ವಾರ ಇಟ್ಟಿಗೆ ಸುಟ್ಟು ಗೂಡನ್ನು ಆರಲು ಬಿಟ್ಟಿದ್ದೆವು. ಹೊಗೆ ಕಾಣದಿದ್ದರೆ ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ಪುಸ್ತಕ ಎಲ್ಲರ ಕೈಗೂ ಸಿಕ್ಕಿದೆ. ಕೊಳ್ಳುವವರು ಇತ್ತ ತಲೆ ಹಾಕುತ್ತಿಲ್ಲ. ನಿನ್ನೆ ನಮ್ಮ ಹಳೇ ಗಿರಾಕಿ ಮೇಸ್ತ್ರಿ ಬಂದು, "ಹೇಗೂ ಮುಚ್ಚಿದೀರಲ್ಲ ಯಜಮಾನ್ರೇ, ಚಿಮಣಿ ಕೆಡವಿದ್ರೆ ಆ ಇಟ್ಟಿಗೆ ನಂಗೇ ಕೊಡಿ" ಅಂದ. ನನ್ನ ಬೆನ್ನ ಹಿಂದೆ ಗೂಡು ಧಗಧಗ ಉರಿಯುತ್ತಿತ್ತು!

ಕಚೇರಿಯಿಂದ ಒಂದು ತಿದ್ದುಪಡಿ ಕಾಗದ ಬರೆಸಿ ಈ ವಾರವೇ ಕಳಿಸು, ಸಂತೆಯ ಬಾಗಿಲಿಗೆ ಅಂಟಿಸುತ್ತೇನೆ. ಇಲ್ಲದಿದ್ದರೆ ಒಬ್ಬರನ್ನಾದರೂ ಕೆಲಸದಿಂದ ಬಿಡಿಸಬೇಕು. ಕೊನೆಗೆ ಸೇರಿದವರು ಮೊದಲು ಹೋಗುವುದು ಗೂಡಿನ ರೂಢಿ. ಕೊನೆಗೆ ಸೇರಿದವಳು ನಿನ್ನಮ್ಮ.

ಅವಳಿಗೆ ಇನ್ನೂ ಹೇಳಿಲ್ಲ. ಮಗಳು ಬರೆದದ್ದೆಂದು ಆ ಪುಸ್ತಕ ಹಿಡಿದು ಮನೆಮನೆಗೂ ತೋರಿಸುತ್ತಾ ತಿರುಗುತ್ತಿದ್ದಾಳೆ.

ಇಂತಿ,
ನಿನ್ನ ಸೋದರಮಾವ