ಡಬ್ಬಿಯಲ್ಲಿ ಉಳಿದ ಒಂದು ಕಪ್ಪೆಚಿಪ್ಪು

ಮೇಲ್ಗಂಗೊಳ್ಳಿ ಶಾಲೆ
ಇಸವಿ ೨೨೭೬, ಸೋಣೆ ತಿಂಗಳು, ಕಡಲು ಇಳಿದ ಮಧ್ಯಾಹ್ನ

ಗಂಗೊಳ್ಳಿಯಲ್ಲಿ ವಿಜ್ಞಾನ ಪಾಠ ಮಾಡುವ ಟೀಚರಿಗೆ ನಮಸ್ಕಾರ.

ತಾರೀಖು ನೋಡಿ, ಯಾರೋ ತಮಾಷೆ ಮಾಡುತ್ತಿದ್ದಾರೆಂದು ಕಾಗದ ಮಡಚಿ ಇಟ್ಟುಬಿಡಬೇಡಿ. ನಾನೂ ನಿಮ್ಮ ಹಾಗೆ ಟೀಚರ್. ಹೆಸರು ಸುಗಂಧಿ. ಹತ್ತನೇ ತರಗತಿಗೆ ಕಡಲ ನೀರಿನ ಪಾಠ ನನ್ನದು. ನಿಮ್ಮ ಕಾಲದ ಕನ್ನಡವನ್ನು ಹಳೆಯ ಪಠ್ಯಪುಸ್ತಕಗಳಿಂದ ಕಲಿತು ಬರೆಯುತ್ತಿದ್ದೇನೆ, ಮಾತು ಎಲ್ಲಾದರೂ ವಿಚಿತ್ರವಾಗಿ ಕೇಳಿದರೆ ಮನ್ನಿಸಿ. ಇದು ನಿಮ್ಮ ಕೈ ಸೇರುವುದು ಹೇಗೆಂದು ನನಗೂ ಗೊತ್ತಿಲ್ಲ. ಬರೆಯಲೇಬೇಕು ಎಂದು ಹಟ ಹಿಡಿದವಳು ನನ್ನ ವಿದ್ಯಾರ್ಥಿನಿ ಮುಕಾಂಬು.

ನಿಮ್ಮ ಗಂಗೊಳ್ಳಿ ಈಗ ನೀರಿನಡಿಯಲ್ಲಿದೆ. ನಾವಿರುವುದು ಅದರ ಮೂಡಣ ದಿಕ್ಕಿನ ಗುಡ್ಡದ ಮೇಲೆ. ಬಾವಿಗಳೆಲ್ಲ ಉಪ್ಪಾದ ಮೇಲೆ ಪ್ರತಿಯೊಬ್ಬರಿಗೂ ದಿನಕ್ಕೆ ಇಷ್ಟೇ ಸಿಹಿನೀರು ಎಂದು ಗೊತ್ತುಮಾಡಿದ್ದಾರೆ, ಅದಕ್ಕೆ ಪಾಲುನೀರು ಎನ್ನುತ್ತೇವೆ. ಸಿಹಿನೀರಲ್ಲಿ ಮೊಟ್ಟೆ ಮುಳುಗುವುದನ್ನು ತೋರಿಸುವ ದಿನ ಮಕ್ಕಳು ತಮ್ಮ ತಮ್ಮ ಪಾಲುನೀರಿನಿಂದ ಒಂದೊಂದು ಗುಟುಕು ತಂದು ಲೋಟಕ್ಕೆ ಹಾಕುತ್ತಾರೆ. ಕುದಿಸಿ ಗಟ್ಟಿ ಮಾಡಿದ ಕಡಲ ನೀರಲ್ಲಿ ಅದೇ ಮೊಟ್ಟೆ ತೇಲಿದಾಗ ಚಪ್ಪಾಳೆ ತಟ್ಟುತ್ತಾರೆ. ಪಾಠ ಮುಗಿದ ಮೇಲೆ ಲೋಟದ ಸಿಹಿನೀರನ್ನು ಕಾಯಿಸಿ ಹಂಚಿಕೊಂಡು ಕುಡಿಯುತ್ತೇವೆ. ಸಂತೆಯಲ್ಲಿ ಸಿಗುವುದು ಒಣಗಿಸಿದ ಅಂಬಲಿಮೀನು, ಅದೇ ನಿಮ್ಮ ಲೋಳೆಲೋಳೆಯ ಜೆಲ್ಲಿ ಮೀನು, ಅಷ್ಟು ಮಾತ್ರ. ನಿಮ್ಮ ಬಲೆಗೆ ಸಿಕ್ಕರೆ ಬೈದು ಎಸೆಯುತ್ತಿದ್ದಿರಂತೆ, ನಾವು ಅದಕ್ಕೇ ಮಸಾಲೆ ಅರೆಯುತ್ತೇವೆ. ರುಚಿಯ ಬಗ್ಗೆ ಕೇಳಬೇಡಿ.

ಕಡಲು ಹುಳಿಯಾಗಿದೆ ಎಂದು ಇಲ್ಲಿನ ಜನ ಹೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ಅದು ಹುಳಿಯಾಗಿಲ್ಲ, ಅದರ ಕ್ಷಾರಗುಣ ಕಡಿಮೆಯಾಗಿದೆ, ಅಷ್ಟೇ. ಕಣ್ಣಿಗೆ ಅದೇ ನೀಲಿ, ನಾಲಿಗೆಗೆ ಅದೇ ಉಪ್ಪು. ಗಾಳಿಯಲ್ಲಿದ್ದ ಇಂಗಾಲದ ಹೊಗೆಯನ್ನು ಕಡಲು ಕುಡಿದು ಕುಡಿದು, ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ನೀರಲ್ಲಿ ಸಾಲದೇ ಹೋಯಿತು. ಆ ಸಣ್ಣ ವ್ಯತ್ಯಾಸ ನಮಗೆ ಗೊತ್ತಾಗುವುದಿಲ್ಲ, ಚಿಪ್ಪಿನ ಮರಿಗೆ ಗೊತ್ತಾಗುತ್ತದೆ. ನಮ್ಮ ದಂಡೆಯಲ್ಲಿ ಒಂದೇ ಒಂದು ಕಪ್ಪೆಚಿಪ್ಪು ಇಲ್ಲ ಟೀಚರೇ. ನೀವು ಅದನ್ನು ರಾಶಿ ಹಾಕಿ, ಗೂಡಿನಲ್ಲಿ ಸುಟ್ಟು, ಸುಣ್ಣ ಮಾಡಿ ಎಲೆಗೆ ಹಚ್ಚಿಕೊಳ್ಳುತ್ತಿದ್ದಿರಿ ಎಂದು ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು.

ಊರು ಮುಳುಗಿದಾಗ ಗುಡ್ಡ ಹತ್ತಿ ಬಂದವರು ಒಂದು ಡಬ್ಬಿ ತುಂಬ ಕಪ್ಪೆಚಿಪ್ಪು ತಂದಿದ್ದರು. ಅಂದಿನಿಂದ ಇದೊಂದು ಪದ್ಧತಿ. ಪ್ರತಿ ವರ್ಷ ಹತ್ತನೇ ತರಗತಿಯವರು ಒಂದು ಚಿಪ್ಪನ್ನು ಶೇಂದಿಯ ವಿನೆಗರಿನಲ್ಲಿ ಹಾಕಿ, ಗುಳ್ಳೆ ಏಳುವುದನ್ನು ಕೂತು ನೋಡುತ್ತಾರೆ. ಪೂರ್ತಿ ಕರಗಿದ ಮೇಲೆ ಆ ನೀರನ್ನು ಕಡಲಿಗೆ ಸುರಿದು ಬರುತ್ತಾರೆ. ಅಷ್ಟು ನೀರಿನಿಂದ ಕಡಲಿಗೆ ಏನೂ ಆಗುವುದಿಲ್ಲ ಎಂದು ನಾನೇ ಪಾಠ ಮಾಡುತ್ತೇನೆ, ಆದರೂ ಅವರ ಜೊತೆ ಹೋಗುತ್ತೇನೆ. ನನಗೆ ಕಲಿಸಿದ ಶೀನ ಮಾಸ್ತರು ನಿವೃತ್ತರಾಗುವ ದಿನ ಡಬ್ಬಿ ನನ್ನ ಕೈಗಿಟ್ಟು ಹೋದರು. ಅಲ್ಲಾಡಿಸಿದರೆ ಆಗಲೇ ಸದ್ದು ಕಡಿಮೆಯಿತ್ತು.

ಈಗ ಉಳಿದಿರುವುದು ಒಂದೇ.

ಮೊನ್ನೆ ಅದನ್ನು ತರಗತಿಯಲ್ಲಿ ಕೈಯಿಂದ ಕೈಗೆ ಕೊಟ್ಟೆ. ಹಿಂದಿನ ಬೆಂಚಿನ ಹುಡುಗ ಅದರ ಗೆರೆಗಳ ಮೇಲೆ ಬೆರಳಾಡಿಸುತ್ತಾ, “ಇದನ್ನ ಯಾರ್ ಮಾಡ್ದದ್ ಟೀಚರ್?” ಎಂದು ಕೇಳಿದ. ಕೈಕಾಲಿಲ್ಲದ ಒಂದು ಮೆತ್ತಗಿನ ಪ್ರಾಣಿ ಬರೀ ನೀರಿನಿಂದ ಮಾಡಿತು ಎಂದೆ. ತರಗತಿಗೆ ತರಗತಿಯೇ ನಕ್ಕಿತು. ನನಗೆ ಅಳು ಬಂತು, ಬೋರ್ಡಿನ ಕಡೆ ತಿರುಗಿಕೊಂಡೆ. ಆಗ ಮುಕಾಂಬು ಎದ್ದು ನಿಂತು, “ಇದನ್ನ್ ಕರ್ಗ್ಸುದ್ ಬ್ಯಾಡ ಟೀಚರ್. ಬಪ್ಪ ವರ್ಷದ್ ಮಕ್ಕಳಿಗೆ ಎಂತ ತೋರ್ಸ್ತ್ರಿ?” ಎಂದಳು. ಆ ಹುಡುಗ ಸುಮ್ಮನಿರಲಿಲ್ಲ. “ಕರ್ಗುದ್ ಕಾಣ್ದೆ ನಂಬುದ್ ಹ್ಯಾಂಗೆ?” ಎಂದ. ಇಬ್ಬರದೂ ಸರಿ. ಕರಗಿಸಿದರೆ ಮುಂದಿನವರಿಗೆ ಚಿಪ್ಪಿಲ್ಲ, ಕರಗಿಸದಿದ್ದರೆ ಇವರ ಪಾಲಿಗೆ ಅದು ಯಾವುದೋ ಕಾರ್ಖಾನೆಯ ಸಾಮಾನು. ಪಾಠ ಬರುವ ಮಂಗಳವಾರ ಇದೆ. ವಿನೆಗರ್ ಸಿದ್ಧವಾಗಿದೆ.

ಅದಕ್ಕೇ ನಿಮ್ಮಲ್ಲಿ ಒಂದು ಬೇಡಿಕೆ. ಒಂದು ಸಂಜೆ ಮಕ್ಕಳನ್ನು ದಂಡೆಗೆ ಕರೆದುಕೊಂಡು ಹೋಗಿ ಕಪ್ಪೆಚಿಪ್ಪು ಆರಿಸಿ. ಒಡೆಯದೇ ಇರುವುದು ನಾಲ್ಕಾದರೂ ಇರಲಿ ಎಂದು ಮುಕಾಂಬು ಹೇಳಿದ್ದಾಳೆ. ಮೂಡಣ ಗುಡ್ಡದ ನೆತ್ತಿಯಲ್ಲಿ ಒಂದು ದೊಡ್ಡ ಬಂಡೆ ಇದೆ, ನಿಮ್ಮ ಕಾಲದಲ್ಲೂ ಇದ್ದಿರಲೇಬೇಕು. ಅದರ ನೆರಳು ಬೆಳಿಗ್ಗೆ ಬೀಳುವ ಕಡೆ ಮೊಣಕಾಲುದ್ದ ಅಗೆದು ಹೂಳಿ. ಮಣ್ಣಿನ ಮಡಕೆ ಬೇಡ, ಅದರೊಳಗೆ ನೀರು ಇಳಿಯುತ್ತದೆ. ನಮ್ಮ ಗುಡ್ಡದ ಕೆಂಪು ಮಣ್ಣು ತಾನೇ ಹುಳಿ, ಚಿಪ್ಪನ್ನು ತಿಂದುಬಿಡುತ್ತದೆ. ಪಿಂಗಾಣಿ ಭರಣಿ ಒಳ್ಳೆಯದು, ಬಾಯಿಗೆ ಮೇಣ ಹಚ್ಚಿ. ಉಪ್ಪಿನಕಾಯಿ ಹಾಕಿದ ಭರಣಿಯಾದರೆ ದಯವಿಟ್ಟು ಚೆನ್ನಾಗಿ ತೊಳೆದು ಒಣಗಿಸಿ.

ಅದು ಅಲ್ಲಿದ್ದರೆ ಮಂಗಳವಾರ ಒಂದನ್ನು ಕರಗಿಸುತ್ತೇನೆ, ಉಳಿದವನ್ನು ಡಬ್ಬಿಗೆ ಹಾಕುತ್ತೇನೆ. ಅಲ್ಲಾಡಿಸಿದರೆ ಮತ್ತೆ ಸದ್ದು ಬರುತ್ತದೆ.

ನಿನ್ನೆ ನಾನೂ ಮುಕಾಂಬೂ ಹಾರೆ ಹಿಡಿದು ಗುಡ್ಡ ಹತ್ತಿದೆವು. ಮೊಣಕಾಲುದ್ದ ಅಗೆದೆವು, ಆಮೇಲೆ ಸೊಂಟದುದ್ದ. ಏನೂ ಇರಲಿಲ್ಲ. ಮುಕಾಂಬು ಗುಂಡಿಯ ಅಂಚಿನಲ್ಲಿ ಕೂತು ಹಾರೆಗೆ ಅಂಟಿದ ಮಣ್ಣು ಕೆರೆದಳು. ಆಮೇಲೆ ಮಣ್ಣು ಕೊಡವಿಕೊಂಡು ಎದ್ದು, “ನೀವಿನ್ನೂ ಕಾಗ್ದನೇ ಬರೀಲಿಲ್ಲ ಅಲ್ದಾ ಟೀಚರ್, ಅವ್ರಿಗೆ ಹ್ಯಾಂಗೆ ಗೊತ್ತಾಪುದ್?” ಎಂದಳು.

ಈಗ ಬರೆದಿದ್ದೇನೆ. ನಾಳೆ ಇನ್ನೊಮ್ಮೆ ಅಗೆಯುತ್ತೇವೆ.

ಇತಿ,
ಸುಗಂಧಿ