ಷಟ್ಪದಿಯ ನೀರು

12 ಜನವರಿ 2004, ಸೋಮವಾರ. ಬೆಳಿಗ್ಗೆ 6.30

'ಹರಿವ ನೀರಿಗೆ ಪಾಚಿ ಕಟ್ಟದು...' ಮುಂದೆ ಮನಸ್ಸಿನ ಬಗ್ಗೆ ಏನೋ ಇತ್ತು. ಮರೆತಿದೆ. ಎಲ್ಲಿ ಓದಿದ್ದು? ಅದಿರಲಿ, ನಿಜವೇ? ಊರ ಪಕ್ಕದ ಬ್ರಹ್ಮಗಿರಿಯ ಬುಡದಲ್ಲಿ ಮಳೆನೀರು ಇಳಿಯುವ ಬಂಡೆಯ ಮೇಲೆ ಜಾರಿ ಬಿದ್ದವಳು ನಾನು. ಹರಿವ ನೀರಿಗೂ ಕಟ್ಟುತ್ತದೆ. ಮನೆಯ ಆಮೆ ಟ್ಯಾಂಕಿನಲ್ಲಿ ಫಿಲ್ಟರ್ ನೀರನ್ನು ತಿರುಗಿಸುತ್ತಲೇ ಇದೆ. ಗಾಜು ಮಾತ್ರ ಹಸಿರು. ಉಜ್ಜಿದ್ದು ನಿನ್ನೆಯಷ್ಟೇ.

ಷಟ್ಪದಿಯ ಎಡಗಣ್ಣು ಊದಿದ ಹಾಗಿದೆ. ನಾಲ್ಕು ಕಾಲು, ತಲೆ, ಬಾಲ — ಆರು ಎಂದು ಆಮೆಗೆ ಆ ಹೆಸರಿಟ್ಟವಳು ಕಾಲೇಜಿನ ಗೆಳತಿ ವನಜಾಕ್ಷಿ. ವರ್ಗವಾಗಿ ಹೋಗುವಾಗ ಟ್ಯಾಂಕಿನ ಸಮೇತ ನನಗೆ ಬಿಟ್ಟಳು.

ಬೀಗದ ಕೈ ಲಕ್ಷ್ಮಕ್ಕನಿಗೆ ಕೊಟ್ಟು ಓಡಬೇಕು. ಪಕ್ಕದ ಮನೆ, ಮಗ್ಗದವರು. ನಲ್ಲಿ ಬಂದಾಗ ನನ್ನ ಡ್ರಮ್ಮು ತುಂಬಿಸುವವಳು ಅವಳೇ. 7.10ರ ಬಸ್ಸು ತಪ್ಪಿದರೆ ಚಳ್ಳಕೆರೆ ಕಾಲೇಜಿನ ಮೊದಲ ಪೀರಿಯಡ್ ಹೋಯಿತು.

20 ಜನವರಿ, ಮಂಗಳವಾರ. ಸಂಜೆ

ಎರಡೂ ಕಣ್ಣು ಮುಚ್ಚಿವೆ. ನಾಲ್ಕು ದಿನದಿಂದ ತಿಂದಿಲ್ಲ. ಬಕೆಟ್ಟಿನಲ್ಲಿಟ್ಟು ಚಳ್ಳಕೆರೆಗೆ ಒಯ್ದೆ. ಕಂಡಕ್ಟರ್: "ಇದಕ್ಕೆ ಹಾಫಾ, ಫುಲ್ಲಾ ಮೇಡಂ?"

ಪಶುವೈದ್ಯ ಚಿರಂಜೀವಿಯೂ ನಕ್ಕರು. "ನಾನು ಕುರಿ ಡಾಕ್ಟ್ರು ಮೇಡಂ." ಕಣ್ಣು ನೋಡಿದ ಮೇಲೆ ನಗಲಿಲ್ಲ. "ನೀರು ಕೆಟ್ಟೈತೆ. ಅದು ಸರಿಯಾಗ್ದೆ ಡ್ರಾಪ್ಸ್ ಹಾಕಿ ಪ್ರಯೋಜ್ನ ಇಲ್ಲ. ಹದಿನೈದ್ ದಿನ ನೋಡಿ. ಆಮೇಲೆ ಕಣ್ಣು ಹೋಗ್ತೈತೆ. ಕಣ್ಣು ಹೋದ್ರೆ ಊಟಾನೂ ಹೋದಂಗೆ."

ದಿನವೂ ಪೂರ್ತಿ ನೀರು ಬದಲಿಸುತ್ತಿದ್ದೇನೆ. ನಲ್ಲಿಯ ಬಳಿ ನಮ್ಮ ಬೀದಿಯ ಸೂರಮ್ಮ, ಎಲ್ಲರಿಗೂ ಕೇಳುವಂತೆ: "ನಮಗೆ ಕುಡಿಯಾಕೆ ನೀರಿಲ್ಲ, ಇವ್ರ ಆಮೆಗೆ ದಿನಾ ಜಳಕ!" ಸುಳ್ಳೇನಲ್ಲ. ತಲೆ ತಗ್ಗಿಸಿ ಕೊಡ ಎತ್ತಿದೆ.

24 ಜನವರಿ, ಶನಿವಾರ. ಮಧ್ಯಾಹ್ನ

ಅರ್ಧ ದಿನದ ಕಾಲೇಜು. ಬೇಗ ಬಂದೆ. ಬಾಗಿಲು ತೆರೆದಿತ್ತು. ಲಕ್ಷ್ಮಕ್ಕ ಟ್ಯಾಂಕಿನ ಮುಂದೆ ಕೈಮುಗಿದು ನಿಂತಿದ್ದಾಳೆ. ನೀರ ಮೇಲೆ ಸೇವಂತಿಗೆ. ಅಕ್ಷತೆ ಮೆಲ್ಲಗೆ ತಳಕ್ಕಿಳಿಯುತ್ತಿದೆ. ಹಿಂದೆಯೇ ಬೆಲ್ಲದ ಚೂರು.

"ಅಯ್ಯೋ, ಬಂದ್ಬಿಟ್ರಾ! ತಿಮ್ಮಪ್ಪನ ವಾರ ಅಲ್ವಾ ಮೇಡಂ. ಕೂರ್ಮಾವತಾರಾನ ಮನೇಲಿಟ್ಕಂಡು ನೀವು ಒಂದು ಹೂವೂ ಏರಿಸಲ್ಲ. ಮೊದ್ಲು ಶನಿವಾರಕ್ಕೊಂದ್ಸಲ ಮಾಡ್ತಿದ್ದೆ. ಸ್ವಾಮಿಗೆ ಕಣ್ಣು ಬಾತ್ಕಂಡ ಮೇಲೆ ದಿನಾ ಮಾಡ್ತೀನಿ. ನೀವ್ ಬರೋದ್ರೊಳಗೆ ಹೂ ತೆಗ್ದಾಕ್ತೀನಿ ಬಿಡ್ರಿ."

ಹೂ ತೆಗೆಯುತ್ತಾಳೆ. ಅಕ್ಕಿ, ಬೆಲ್ಲ ಕಲ್ಲಿನ ಸಂದಿಯಲ್ಲಿ ಕೊಳೆಯುತ್ತವೆ. ಪಾಚಿಗೆ ನಿತ್ಯ ನೈವೇದ್ಯ. ಕಾಯಿಲೆ ಹೆಚ್ಚಿದಷ್ಟೂ ಪೂಜೆ, ಪೂಜೆ ಹೆಚ್ಚಿದಷ್ಟೂ ಕಾಯಿಲೆ...

ಬಾಯಿಗೆ ಬಂದದ್ದನ್ನು ನುಂಗಿ, ಅಕ್ಕಿ ಬೆಲ್ಲ ಕೊಳೆತೇ ನೀರು ಕೆಡುತ್ತಿದೆ ಎಂದು ಮೆತ್ತಗೆ ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. "ನನ್ನ ಕೈಯಾರೆ ನಾನೇ ಕುರುಡು ಮಾಡಿದ್ನಾ?" ಬೀಗದ ಕೈ ಮೇಜಿನ ಮೇಲಿಟ್ಟು ಹೋಗಿಬಿಟ್ಟಳು.

26 ಜನವರಿ, ಸೋಮವಾರ

ನಿನ್ನೆ ಕಲ್ಲುಗಳನ್ನೆಲ್ಲ ಹೊರತೆಗೆದೆ. ಒಂದು ಬಟ್ಟಲು ಕೊಳೆತ ಅಕ್ಕಿ. ವನಜಾಕ್ಷಿಗೆ ಫೋನ್ ಮಾಡಿದೆ. "ಫಿಲ್ಟರ್ ಸ್ಪಂಜಿಗೆ ಸೋಪ್ ಪೌಡರ್ ಹಾಕಿ ತೊಳೆದ್ಯಾ? ಮಹಾತಾಯಿ! ನೀರು ಶುದ್ಧ ಮಾಡೋ ಜೀವಾಣು ಇರೋದೇ ಅದರಲ್ಲಿ. ಟ್ಯಾಂಕಿನ ನೀರಲ್ಲೇ ಹಿಂಡು, ಸಾಕು. ಪೂರ್ತಿ ನೀರು ಚೆಲ್ಲಬೇಡ. ವಾರಕ್ಕೊಮ್ಮೆ ಕಾಲು ಭಾಗ."

ಇವತ್ತು ಲಕ್ಷ್ಮಕ್ಕ ದಪ್ಪ ಬಟ್ಟೆಯೊಂದನ್ನು ಹಿಡಿದು ಬಾಗಿಲಲ್ಲಿ. "ಬಿಸ್ಲಿಗೆ ರೇಷ್ಮೆ ಬಣ್ಣ ಹೋಗ್ತೈತೆ ಅಂತ ಮಗ್ಗದ ಕಿಟಕಿಗೆ ಕಟ್ತೀವಿ. ನಿಮ್ ಕಿಟಕಿ ಬಿಸ್ಲು ಸೀದಾ ನೀರಿಗೇ ಬೀಳ್ತೈತಲ್ಲ."

ಆಮೆಗೆ ಬಿಸಿಲು ಬೇಕೆಂದು ಟ್ಯಾಂಕನ್ನು ಅಲ್ಲಿಟ್ಟವಳು ನಾನೇ. ಪಾಚಿಗೂ ಬೇಕೆಂದು ಎಂ.ಎ. ಮಾಡಿದವಳಿಗೆ ಹೊಳೆಯಲಿಲ್ಲ. "ತಪ್ಪು ನನ್ನದೂ ಇದೆ, ಒಳಗೆ ಬಾ" ಎಂದೆ. ಬರಲಿಲ್ಲ.

ಬಟ್ಟೆ ಕಟ್ಟಿದೆ. ಟ್ಯಾಂಕಿನ ಹಿಂದಿನ ಗಾಜಿಗೆ ಹೊರಗಿನಿಂದ ಹಳೆಯ ನ್ಯೂಸ್ ಪೇಪರ್ ಅಂಟಿಸಿದೆ. ಷಟ್ಪದಿಗೆ ಇನ್ನು ಬೆಳಗಿನ ಅರ್ಧ ಗಂಟೆ ಮಾಳಿಗೆಯ ಮೇಲೆ ಬಿಸಿಲು.

1 ಫೆಬ್ರವರಿ, ಭಾನುವಾರ

ಓದಲು ಬಂತು! ನೀರಿನಾಚೆಯ ಪೇಪರ್. 'ಮಾರುಕಟ್ಟೆಗೆ ಶೇಂಗಾ ಆವಕ ಹೆಚ್ಚಳ.' ಎಷ್ಟೋ ಪದ್ಯ ಓದಿದ್ದೇನೆ, ಯಾವ ಸಾಲೂ ಇಷ್ಟು ಸುಖ ಕೊಟ್ಟಿರಲಿಲ್ಲ. ಎರಡು ಸಲ ಗಟ್ಟಿಯಾಗಿ ಓದಿದೆ. ಗೆದ್ದೆ. ಗಾಜಿಗೆ ಬೆರಳೊತ್ತಿದರೆ ಜಾರುವುದಿಲ್ಲ, ಕಿರ್ರೆನ್ನುತ್ತದೆ.

4 ಫೆಬ್ರವರಿ, ಬುಧವಾರ

ಹದಿನೈದು ದಿನ ಮುಗಿಯಿತು. ನೀರು ತಿಳಿ. ಕಣ್ಣು ಇನ್ನೂ...

7 ಫೆಬ್ರವರಿ, ಶನಿವಾರ. ಮಧ್ಯಾಹ್ನ 2

ತೆರೆಯಿತು. ಮೊದಲು ಬಲಗಣ್ಣು, ಒಂದು ಗೆರೆ. ಹತ್ತು ನಿಮಿಷಕ್ಕೆ ಎಡದ್ದು. ನುಗ್ಗೆಸೊಪ್ಪು ತೋರಿಸಿದೆ — ಕತ್ತು ಚಾಚಿ, ಕಚಕ್ಕೆಂದು ಕಚ್ಚಿ ಎಳೆದುಕೊಂಡಿತು. ಕೂಗಿದೆ. ನಲವತ್ತೆಂಟರ ಮೇಡಂ ಹಜಾರದಲ್ಲಿ ಕುಣಿದದ್ದನ್ನು ಸೂರಮ್ಮ ನೋಡಿದ್ದರೆ ನೋಡಲಿ!

ಗೋಡೆಯಾಚೆ ಮಗ್ಗದ ಸದ್ದು. "ಲಕ್ಷ್ಮಕ್ಕಾ, ಕಣ್ಣು ಬಿಡ್ತು!" ಸದ್ದು ನಿಂತಿತು.

ಓಡಿ ಬಂದಳು. ಹೊಸ್ತಿಲಲ್ಲೇ ನಿಂತಳು. ಹೂವಿಲ್ಲ, ಅಕ್ಷತೆಯಿಲ್ಲ. ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ತುಂಬ ಮೆಲ್ಲಗೆ —

"ಅಲ್ಲಿಂದ ಸ್ವಾಮಿಗೆ ನಾನು ಕಾಣ್ತೀನಾ ಮೇಡಂ?"